ಅಮೆರಿಕದ ಪೆಟ್ರೋಲ್ ಬೆಲೆ: ಸರ್ಕಾರದ ಕೈ ಎಷ್ಟು, ಕಾರು ಕೊಳ್ಳುವವರ ಕೈ ಎಷ್ಟು?

2022ರ ಜೂನ್ ತಿಂಗಳಲ್ಲಿ ಅಮೆರಿಕದ ಪೆಟ್ರೋಲ್ ಬೆಲೆ ಸರಾಸರಿ ಲೆಕ್ಕದಲ್ಲಿ ಮೊದಲ ಸಲ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್. ಆ ತಿಂಗಳ 22ರಂದು ಅಧ್ಯಕ್ಷ ಜೋ ಬೈಡನ್ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಮುಂದೆ ಒಂದು ಬೇಡಿಕೆ ಇಟ್ಟರು. ಪೆಟ್ರೋಲ್ ಮೇಲಿನ ಕೇಂದ್ರ ತೆರಿಗೆಯನ್ನು ಮೂರು ತಿಂಗಳ ಮಟ್ಟಿಗೆ ಬಿಟ್ಟುಬಿಡೋಣ ಎಂದರು. ಕಾಂಗ್ರೆಸ್ ಒಪ್ಪಲಿಲ್ಲ. ಒಪ್ಪಿದ್ದರೆ ಎಷ್ಟು ಉಳಿಯುತ್ತಿತ್ತು?

ಲೆಕ್ಕ ಹಾಕಿ ನೋಡೋಣ. ಆ ತೆರಿಗೆ ಗ್ಯಾಲನ್ನಿಗೆ 18.4 ಸೆಂಟ್. ಒಬ್ಬರು ವರ್ಷಕ್ಕೆ 12,000 ಮೈಲಿ ಗಾಡಿ ಓಡಿಸುತ್ತಾರೆ ಎಂದುಕೊಳ್ಳಿ. ಅವರ ಹತ್ತಿರ ಇರುವುದು ಗ್ಯಾಲನ್ನಿಗೆ 15 ಮೈಲಿ ಕೊಡುವ ದೊಡ್ಡ ಪಿಕಪ್. ವರ್ಷಕ್ಕೆ 800 ಗ್ಯಾಲನ್ ಬೇಕು, ಮೂರು ತಿಂಗಳಿಗೆ 200. ತೆರಿಗೆ ಪೂರ್ತಿ ಬಿಟ್ಟರೂ ಅವರಿಗೆ ಉಳಿಯುವುದು 37 ಡಾಲರಿಗಿಂತ ಕಡಿಮೆ. ಅದೇ ಮನೆಯಲ್ಲಿ 30 ಮೈಲಿ ಕೊಡುವ ಕಾರು ಇದ್ದಿದ್ದರೆ? ಮೂರು ತಿಂಗಳಿಗೆ 100 ಗ್ಯಾಲನ್ ಸಾಕಾಗುತ್ತಿತ್ತು. 5 ಡಾಲರ್ ಬೆಲೆಯಲ್ಲಿ ಉಳಿಕೆ 500 ಡಾಲರ್.

ಒಂದು ಕಡೆ 37, ಇನ್ನೊಂದು ಕಡೆ 500. ಆದರೂ ಬೆಲೆ ಏರಿದಾಗಲೆಲ್ಲ ರಾಜಕೀಯದ ಮಾತು ಮೊದಲನೆಯದರ ಸುತ್ತಲೇ ತಿರುಗುತ್ತದೆ. ಇದಕ್ಕೆ ಕಾರಣವೂ ಇದೆ. ತೆರಿಗೆಯನ್ನು ಒಂದು ಮಸೂದೆಯಲ್ಲಿ ಬಿಡಬಹುದು. ಮನೆ ಮುಂದೆ ನಿಂತಿರುವ ಗಾಡಿಯನ್ನು ಹಾಗೆ ಬದಲಿಸಲು ಆಗುವುದಿಲ್ಲ. ಅದನ್ನು ಕೊಂಡದ್ದು ಎಷ್ಟೋ ವರ್ಷ ಹಿಂದೆ, ಪೆಟ್ರೋಲ್ ಅಗ್ಗವಾಗಿದ್ದ ಕಾಲದಲ್ಲಿ. 2022ರಲ್ಲಿ ಜನ ಪಟ್ಟ ಕಷ್ಟದ ದೊಡ್ಡ ಪಾಲು ಆ ಹಳೆಯ ಖರೀದಿಗಳಲ್ಲಿ ಆಗಲೇ ಬರೆದಾಗಿತ್ತು. ಜನ ಯಾವ ಗಾಡಿ ಕೊಂಡರು ಎನ್ನುವುದರ ಹಿಂದೆ ಸರ್ಕಾರದ ಕೆಲವು ನಿಯಮಗಳಿದ್ದವು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಆ ನಿಯಮಗಳ ಕಥೆ. ಮೊದಲು ಬೆಲೆಯ ಲೆಕ್ಕ ಸ್ವಲ್ಪ ನೋಡಿಬಿಡೋಣ.

ಬಂಕಿನ ಬೋರ್ಡಿನ ಹಿಂದೆ

ಪೆಟ್ರೋಲ್ ಬೆಲೆಯಲ್ಲಿ ನಾಲ್ಕು ಪಾಲು ಇರುತ್ತದೆ: ಕಚ್ಚಾ ತೈಲ, ರಿಫೈನರಿಯ ಖರ್ಚು ಮತ್ತು ಲಾಭ, ಸಾಗಣೆ ಹಾಗೂ ಮಾರಾಟ, ಕೊನೆಗೆ ತೆರಿಗೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಕಚ್ಚಾ ತೈಲದ್ದೇ. ಒಂದು ಬ್ಯಾರೆಲ್ ಎಂದರೆ 42 ಗ್ಯಾಲನ್. ಹಾಗಾಗಿ ಬ್ಯಾರೆಲ್ ಬೆಲೆ 1 ಡಾಲರ್ ಏರಿದರೆ ಗ್ಯಾಲನ್ನಿಗೆ ಸುಮಾರು 2.4 ಸೆಂಟ್ ಏರುತ್ತದೆ. 40 ಡಾಲರ್ ಏರಿದರೆ ಸುಮಾರು 95 ಸೆಂಟ್. ಸೆಂಟುಗಳಲ್ಲಿ ಇರುವ ಕೇಂದ್ರ ತೆರಿಗೆಯನ್ನು ಇಂಥ ಏರಿಕೆ ಒಂದೇ ತಿಂಗಳಲ್ಲಿ ನುಂಗಿಹಾಕಬಲ್ಲದು.

ಕಚ್ಚಾ ತೈಲದ ಬೆಲೆಯನ್ನು ವಾಷಿಂಗ್ಟನ್ ನಿರ್ಧರಿಸುವುದಿಲ್ಲ. ಇಡೀ ಜಗತ್ತು ದಿನಕ್ಕೆ ಸುಮಾರು 10 ಕೋಟಿ ಬ್ಯಾರೆಲ್ ತೈಲ ಬಳಸುತ್ತದೆ. ಎಲ್ಲರೂ ಒಂದೇ ಸಂತೆಯಲ್ಲಿ ಕೊಳ್ಳುತ್ತಾರೆ, ಮಾರುತ್ತಾರೆ. 2018ರಿಂದ ಅಮೆರಿಕವೇ ಜಗತ್ತಿನಲ್ಲಿ ಅತಿ ಹೆಚ್ಚು ಕಚ್ಚಾ ತೈಲ ತೆಗೆಯುವ ದೇಶ. 2008ರಲ್ಲಿ ದಿನಕ್ಕೆ ಸುಮಾರು 50 ಲಕ್ಷ ಬ್ಯಾರೆಲ್ ತೆಗೆಯುತ್ತಿದ್ದದ್ದು ಈಗ 1 ಕೋಟಿ 30 ಲಕ್ಷದ ಆಸುಪಾಸಿನಲ್ಲಿದೆ. ಇಷ್ಟು ತೈಲ ನೆಲದಡಿಯಿಂದ ಬರುತ್ತಿದ್ದರೂ, ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ವರ್ಷವೇ ಪೆಟ್ರೋಲ್ ದಾಖಲೆ ಬೆಲೆ ಮುಟ್ಟಿತು. ಟೆಕ್ಸಸ್‌ನ ಕಂಪನಿ ತನ್ನ ತೈಲವನ್ನು ಹೆಚ್ಚು ಬೆಲೆ ಕೊಡುವವರಿಗೆ ಮಾರುತ್ತದೆ. ಪಕ್ಕದ ಊರಿನವರು ಎಂದು ಬೆಲೆ ಇಳಿಸುವುದಿಲ್ಲ. ‘ನಮ್ಮ ನೆಲದಲ್ಲೇ ಇನ್ನಷ್ಟು ಕೊರೆದರೆ ಬೆಲೆ ಇಳಿಯುತ್ತದೆ’ ಎಂಬ ಮಾತಿನಲ್ಲಿ ಸತ್ಯ ಸ್ವಲ್ಪ ಇದೆ. ಜಗತ್ತಿನ ಒಟ್ಟು ತೈಲ ಹೆಚ್ಚಾದರೆ ಎಲ್ಲರಿಗೂ ಒಂದಿಷ್ಟು ಇಳಿಯುತ್ತದೆ. ಆದರೆ ಯುದ್ಧದ ಏಟಿನಿಂದ ಅದು ತಪ್ಪಿಸುವುದಿಲ್ಲ.

ಇನ್ನೊಂದು ವಿಷಯ ಇಲ್ಲಿ ಮುಖ್ಯ. ಬೆಲೆ ಏರಿತು ಎಂದು ಜನ ಕೆಲಸಕ್ಕೆ ಹೋಗುವುದನ್ನು ಬಿಡಲಾರರು. ಮಕ್ಕಳನ್ನು ಶಾಲೆಗೆ ಬಿಡಲೇಬೇಕು. ಅಮೆರಿಕದ ಬಹುತೇಕ ಊರುಗಳಲ್ಲಿ ಬಸ್ಸು, ರೈಲು ಅಷ್ಟಕ್ಕಷ್ಟೇ. ಹಾಗಾಗಿ ಬೆಲೆ ಎಷ್ಟೇ ಏರಿದರೂ ಬಳಕೆ ತಕ್ಷಣಕ್ಕೆ ಇಳಿಯುವುದು ಬಹಳ ಕಡಿಮೆ. ಎಲ್ಲರಿಗೂ ಬೇಕೇ ಬೇಕಾದ ವಸ್ತು ಸ್ವಲ್ಪ ಕೊರತೆಯಾದರೆ ಏನಾಗುತ್ತದೆ? ಯಾರೋ ಕೆಲವರು ಸಾಕು ಎಂದು ಹಿಂದೆ ಸರಿಯುವವರೆಗೆ ಬೆಲೆ ಏರುತ್ತಲೇ ಹೋಗುತ್ತದೆ. ನೂರರಲ್ಲಿ ಎರಡು ಮೂರು ಪಾಲು ಕೊರತೆಗೆ ಬೆಲೆ ಜಿಗಿಯುವುದು ಇದಕ್ಕೇ. ತಕ್ಷಣಕ್ಕೆ ಜನರ ಕೈಯಲ್ಲಿ ಏನೂ ಇಲ್ಲ, ಯಾಕೆಂದರೆ ಎಷ್ಟು ಪೆಟ್ರೋಲ್ ಬೇಕು ಎನ್ನುವುದನ್ನು ಅವರ ಗಾಡಿ ಮೊದಲೇ ತೀರ್ಮಾನಿಸಿದೆ.

ರಾಜ್ಯದಿಂದ ರಾಜ್ಯಕ್ಕೆ ಬೆಲೆ ಬೇರೆ ಬೇರೆ ಇರುವುದಕ್ಕೆ ಮಾತ್ರ ಸ್ಥಳೀಯ ನೀತಿ ನೇರ ಕಾರಣ. ಕ್ಯಾಲಿಫೋರ್ನಿಯ ಇದಕ್ಕೆ ಎದ್ದು ಕಾಣುವ ಉದಾಹರಣೆ. 2025ರ ಜುಲೈಯಲ್ಲಿ ಅಲ್ಲಿ ರಾಜ್ಯದ ಅಬಕಾರಿ ತೆರಿಗೆಯೇ ಗ್ಯಾಲನ್ನಿಗೆ 61.2 ಸೆಂಟ್ ಆಯಿತು. ಹೊಗೆ ಕಡಿಮೆ ಮಾಡಲು ಆ ರಾಜ್ಯ ತನ್ನದೇ ಬಗೆಯ ಪೆಟ್ರೋಲ್ ಕೇಳುತ್ತದೆ. ಅದನ್ನು ಮಾಡುವ ರಿಫೈನರಿಗಳು ಕೆಲವೇ. ಹೊರಗಿನಿಂದ ಪೈಪ್‌ಲೈನಿನಲ್ಲಿ ತರಿಸಿಕೊಳ್ಳುವ ದಾರಿಯೂ ಇಲ್ಲ. ಒಂದು ರಿಫೈನರಿ ಕೆಟ್ಟು ನಿಂತರೆ ಇಡೀ ರಾಜ್ಯದ ಬೆಲೆ ಅಲುಗಾಡುತ್ತದೆ. 2024ರ ಅಕ್ಟೋಬರಿನಲ್ಲಿ ಫಿಲಿಪ್ಸ್ 66 ಕಂಪನಿ ತನ್ನ ಲಾಸ್ ಏಂಜಲೀಸ್ ರಿಫೈನರಿಯನ್ನು ಮುಚ್ಚುವುದಾಗಿ ಹೇಳಿದಾಗ ಅಲ್ಲಿ ಆತಂಕವಾದದ್ದು ಇದಕ್ಕೇ. ಆ ರಾಜ್ಯದ ಗಾಳಿ ಮೊದಲಿಗಿಂತ ಬಹಳ ಶುದ್ಧವಾಗಿದೆ ಎನ್ನುವುದೂ ನಿಜ. ಜನ ಅದಕ್ಕೆ ಬೆಲೆ ಕೊಡುತ್ತಿದ್ದಾರೆ. ಆ ಬೆಲೆ ಸರಿಯೋ ತಪ್ಪೋ ಎಂದು ವಾದ ಮಾಡಬಹುದು. ಅಂಥ ಬೆಲೆಯೇ ಇಲ್ಲ ಎಂದು ಹೇಳಲಾಗದು.

ಬೆಲೆ ಏರಿದ ಮೇಲೆ ಮಾಡುವ ಕೆಲಸಗಳು

ಬೆಲೆ ಏರಿದಾಗ ಸರ್ಕಾರ ಮಾಡಬಹುದಾದ ಅತಿ ನೇರವಾದ ಕೆಲಸ ಎಂದರೆ ಬೆಲೆಗೆ ಮಿತಿ ಹಾಕುವುದು. ಅಮೆರಿಕ ಇದನ್ನೂ ಮಾಡಿ ನೋಡಿದೆ. 1971ರ ಆಗಸ್ಟಿನಲ್ಲಿ ಅಧ್ಯಕ್ಷ ನಿಕ್ಸನ್ ಬೆಲೆ, ಸಂಬಳ ಎಲ್ಲವನ್ನೂ ಸ್ಥಗಿತಗೊಳಿಸಿದರು. ಉಳಿದ ವಸ್ತುಗಳ ಮೇಲಿನ ಹಿಡಿತ ಸಡಿಲವಾದರೂ ತೈಲದ ಮೇಲಿನದು ಬೇರೆ ಬೇರೆ ರೂಪದಲ್ಲಿ ಮುಂದುವರಿಯಿತು. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಕೆಲವೇ ತಿಂಗಳಲ್ಲಿ ಬ್ಯಾರೆಲ್ ಬೆಲೆ 3 ಡಾಲರ್ ಸುಮಾರಿನಿಂದ 12 ಡಾಲರ್ ಹತ್ತಿರಕ್ಕೆ ಹೋಯಿತು. ಬಂಕಿನಲ್ಲಿ ಬೆಲೆಗೆ ಮಿತಿ ಇತ್ತು, ಆದರೆ ಪೆಟ್ರೋಲ್ ಇರಲಿಲ್ಲ. ಗಂಟೆಗಟ್ಟಲೆ ಸಾಲು ನಿಲ್ಲಬೇಕಾಯಿತು. ಗಾಡಿ ನಂಬರಿನ ಕೊನೆಯ ಅಂಕಿ ಸಮವೋ ಬೆಸವೋ ನೋಡಿ ದಿನ ಬಿಟ್ಟು ದಿನ ಪೆಟ್ರೋಲ್ ಹಾಕುವ ಪದ್ಧತಿ ಕೆಲವು ರಾಜ್ಯಗಳಲ್ಲಿ ಬಂತು. 1979ರಲ್ಲಿ ಇರಾನಿನ ಕ್ರಾಂತಿಯ ನಂತರ ಮತ್ತೆ ಅದೇ ಸಾಲು. 1981ರ ಜನವರಿಯಲ್ಲಿ ಅಧ್ಯಕ್ಷ ರೇಗನ್ ಉಳಿದಿದ್ದ ನಿಯಂತ್ರಣವನ್ನು ತೆಗೆದುಹಾಕಿದರು. ಹಣದ ಬದಲು ಸಮಯ ಕೊಟ್ಟು ಪೆಟ್ರೋಲ್ ಕೊಳ್ಳುವುದೂ ಒಂದು ಬೆಲೆಯೇ ಅಲ್ವಾ?

ಎರಡನೆಯ ದಾರಿ, ತುರ್ತು ಸಂಗ್ರಹ. 1975ರ ಕಾನೂನಿನಿಂದ ಹುಟ್ಟಿದ ಈ ಸಂಗ್ರಹ ಟೆಕ್ಸಸ್ ಮತ್ತು ಲೂಯಿಸಿಯಾನದ ಉಪ್ಪಿನ ಗುಹೆಗಳಲ್ಲಿದೆ. 70 ಕೋಟಿ ಬ್ಯಾರೆಲ್‌ಗೂ ಮಿಕ್ಕಿ ಹಿಡಿಯುವಷ್ಟು ಜಾಗ. 2022ರ ಮಾರ್ಚ್ ಕೊನೆಯಲ್ಲಿ ಬೈಡನ್ ಇದರಿಂದ ದಿನಕ್ಕೆ 10 ಲಕ್ಷ ಬ್ಯಾರೆಲ್‌ನಂತೆ ಆರು ತಿಂಗಳು, ಒಟ್ಟು 18 ಕೋಟಿ ಬ್ಯಾರೆಲ್ ಹೊರಬಿಡಲು ಆದೇಶಿಸಿದರು. ಅದರ ಜೊತೆಗೆ ಮಿತ್ರದೇಶಗಳೂ ತಮ್ಮ ಸಂಗ್ರಹ ಬಿಟ್ಟವು. ಇದೆಲ್ಲದರಿಂದ ಗ್ಯಾಲನ್ನಿಗೆ 17ರಿಂದ 42 ಸೆಂಟ್ ಇಳಿಯಿತು ಎಂದು ಅಮೆರಿಕದ ಖಜಾನೆ ಇಲಾಖೆ ಅಂದಾಜು ಮಾಡಿತು. ಚಿಕ್ಕದೇನಲ್ಲ. ಆದರೆ 2023ರ ಮಧ್ಯದ ಹೊತ್ತಿಗೆ ಸಂಗ್ರಹ 35 ಕೋಟಿ ಬ್ಯಾರೆಲ್‌ಗಿಂತ ಕೆಳಗಿಳಿದಿತ್ತು. 1983ರ ನಂತರ ಅಷ್ಟು ಕೆಳಗೆ ಹೋದದ್ದೇ ಇಲ್ಲ. ಕೂಡಿಟ್ಟದ್ದನ್ನು ಒಂದು ಸಲ ಮಾತ್ರ ಖರ್ಚು ಮಾಡಬಹುದು.

ಈ ‘ದಿನಕ್ಕೆ 10 ಲಕ್ಷ ಬ್ಯಾರೆಲ್’ ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಬೇಕಾಗುತ್ತದೆ.

ತೆರಿಗೆ ರಜೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2022ರಲ್ಲಿ ಮೇರಿಲ್ಯಾಂಡ್, ಜಾರ್ಜಿಯಾ, ಕನೆಕ್ಟಿಕಟ್, ನ್ಯೂಯಾರ್ಕ್ ರಾಜ್ಯಗಳು ತಮ್ಮ ತೆರಿಗೆಯನ್ನು ಸ್ವಲ್ಪ ಕಾಲ ಬಿಟ್ಟವು. ಒಂದಿಷ್ಟು ಇಳಿಯಿತು. ರಜೆ ಮುಗಿದ ದಿನ ವಾಪಸ್ ಏರಿತು. ಅಷ್ಟು ದಿನದ ರಸ್ತೆ ರಿಪೇರಿಯ ಹಣವನ್ನು ಬೇರೆ ಕಡೆಯಿಂದ ಹೊಂದಿಸಬೇಕಾಯಿತು.

ಕಾರು ಯಾವುದು, ಟ್ರಕ್ ಯಾವುದು

ಈಗ ನಿಜವಾದ ಕಥೆಗೆ ಬರೋಣ. ತುರ್ತು ಸಂಗ್ರಹ ಹುಟ್ಟಿದ ಅದೇ 1975ರ ಕಾನೂನಿನಲ್ಲಿ ಇನ್ನೊಂದು ಭಾಗವಿತ್ತು. ಅಧ್ಯಕ್ಷ ಫೋರ್ಡ್ ಆ ಡಿಸೆಂಬರಿನಲ್ಲಿ ಸಹಿ ಹಾಕಿದ್ದರು. ಪ್ರತಿ ಕಂಪನಿ ಮಾರುವ ಕಾರುಗಳ ಸರಾಸರಿ ಮೈಲೇಜ್ ಇಂತಿಷ್ಟು ಇರಲೇಬೇಕು ಎಂದು ಅದು ಹೇಳಿತು. 1978ಕ್ಕೆ ಗ್ಯಾಲನ್ನಿಗೆ 18 ಮೈಲಿ, 1985ಕ್ಕೆ 27.5 ಮೈಲಿ. ಇದನ್ನು ಅಲ್ಲಿ ‘ಕೆಫೆ’ ನಿಯಮ ಎಂದು ಕರೆಯುತ್ತಾರೆ.

ನಿಯಮ ಕೆಲಸ ಮಾಡಿತು. 1975ರಲ್ಲಿ ಹೊಸ ಗಾಡಿಗಳ ಸರಾಸರಿ ಮೈಲೇಜ್ 13.1 ಮೈಲಿ ಇತ್ತು. 1987ರ ಹೊತ್ತಿಗೆ 22 ಆಯಿತು. ಹನ್ನೆರಡು ವರ್ಷದಲ್ಲಿ ಇಷ್ಟು ದೊಡ್ಡ ಸುಧಾರಣೆ ಮತ್ತೆ ಎಂದೂ ಆಗಲಿಲ್ಲ. ಅಮೆರಿಕದ ಒಟ್ಟು ತೈಲ ಬಳಕೆ 1978ರಲ್ಲಿ ದಿನಕ್ಕೆ 1 ಕೋಟಿ 88 ಲಕ್ಷ ಬ್ಯಾರೆಲ್ ಇದ್ದದ್ದು 1983ರಲ್ಲಿ 1 ಕೋಟಿ 52 ಲಕ್ಷಕ್ಕೆ ಇಳಿಯಿತು. ಪೂರ್ತಿ ಶ್ರೇಯಸ್ಸು ಕಾರಿಗೆ ಸಲ್ಲುವುದಿಲ್ಲ. ಆಗ ಆರ್ಥಿಕ ಹಿಂಜರಿತ ಇತ್ತು, ವಿದ್ಯುತ್ ಸ್ಥಾವರಗಳು ತೈಲ ಬಿಟ್ಟು ಕಲ್ಲಿದ್ದಲಿಗೆ ಹೋದವು. ಆದರೂ ಬಳಕೆ ಕುಗ್ಗಿತು, ಅದೇ ಹೊತ್ತಿಗೆ ಉತ್ತರ ಸಮುದ್ರ, ಅಲಾಸ್ಕಗಳಿಂದ ಹೊಸ ತೈಲ ಬಂತು. ಬೆಲೆ ಹಿಡಿದು ನಿಲ್ಲಿಸಲು ಸೌದಿ ಅರೇಬಿಯ ತನ್ನ ಉತ್ಪಾದನೆಯನ್ನು ವರ್ಷಗಟ್ಟಲೆ ಕಡಿಮೆ ಮಾಡಿ, ಕೊನೆಗೆ 1985ರಲ್ಲಿ ಸಾಕಾಯಿತು ಎಂದು ಕೈಬಿಟ್ಟಿತು. 30 ಡಾಲರ್ ಸುಮಾರಿದ್ದ ಬ್ಯಾರೆಲ್ 1986ರ ಮಧ್ಯದಲ್ಲಿ 12 ಡಾಲರ್ ಸುಮಾರಿಗೆ ಬಿತ್ತು. ಕೋಟ್ಯಂತರ ಜನ ಕಡಿಮೆ ಪೆಟ್ರೋಲ್ ಕುಡಿಯುವ ಕಾರಿಗೆ ಬದಲಾದರೆ ಜಗತ್ತಿನ ಬೆಲೆ ಮೇಲೆ ಪರಿಣಾಮ ಆಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಆ ಕಾನೂನಿನಲ್ಲಿ ಒಂದು ಬಿರುಕಿತ್ತು. ಕಾರಿಗೆ ಒಂದು ನಿಯಮ, ‘ಲೈಟ್ ಟ್ರಕ್’ಗೆ, ಅಂದರೆ ಪಿಕಪ್ಪಿನಂಥ ಹಗುರ ಟ್ರಕ್ಕಿಗೆ, ಇನ್ನೊಂದು. ಟ್ರಕ್ಕಿನ ಮೈಲೇಜ್ ಮಿತಿ ಸಡಿಲವಾಗಿತ್ತು. ಅದಕ್ಕೆ ಕಾರಣವೂ ಸರಿಯಾಗಿಯೇ ಇತ್ತು. ರೈತರು, ಬಡಗಿಗಳು, ಪ್ಲಂಬರುಗಳು ಪಿಕಪ್ಪಿನಲ್ಲಿ ಸಾಮಾನು ಹೊರುತ್ತಾರೆ, ಅವರಿಗೆ ತೊಂದರೆ ಆಗಬಾರದು. ಆಗ ಮಾರಾಟವಾಗುವ ಹೊಸ ಗಾಡಿಗಳಲ್ಲಿ ಐದರಲ್ಲಿ ಒಂದು ಮಾತ್ರ ಟ್ರಕ್. ಏನು ಮಹಾ ವ್ಯತ್ಯಾಸ ಎಂದು ಅನಿಸಿರಬೇಕು.

ಕಂಪನಿಗಳಿಗೆ ಬೇಗ ಅರ್ಥವಾಯಿತು. ಟ್ರಕ್ಕಿನ ಚಾಸಿಸ್ ಮೇಲೆ ಕಾರಿನ ಸೀಟು, ಕಾರ್ಪೆಟ್, ಎಸಿ ಹಾಕಿದರೆ ಅದು ಮನೆಮಂದಿ ಓಡಾಡುವ ಗಾಡಿ. ಕಾಗದದಲ್ಲಿ ಮಾತ್ರ ಟ್ರಕ್. ಸೀಟು ಮಡಚಿ ಸಾಮಾನು ಇಡಲು ಸಮತಟ್ಟಾದ ಜಾಗ ಇದ್ದರೆ, ಅಥವಾ ನೆಲದಿಂದ ಸಾಕಷ್ಟು ಎತ್ತರ ಇದ್ದು ನಾಲ್ಕೂ ಚಕ್ರ ತಿರುಗುವಂತಿದ್ದರೆ ಟ್ರಕ್ ಎನ್ನಿಸಿಕೊಳ್ಳಬಹುದಿತ್ತು. ಕ್ರೈಸ್ಲರ್‌ನ ಪಿಟಿ ಕ್ರೂಸರ್ ನೋಡಿದವರು ಅದನ್ನು ಕಾರು ಎಂದೇ ಕರೆಯುತ್ತಾರೆ. ಮೈಲೇಜ್ ನಿಯಮದ ಪುಸ್ತಕದಲ್ಲಿ ಅದು ಟ್ರಕ್. ಸುಬಾರು ಕಂಪನಿ 2005ರ ಔಟ್‌ಬ್ಯಾಕ್ ಮಾದರಿಯನ್ನು ನೆಲದಿಂದ ಸ್ವಲ್ಪ ಎತ್ತರಿಸಿ ಟ್ರಕ್ಕಿನ ಪಟ್ಟಿಗೆ ಸೇರಿಸಿತು. ಅದರಲ್ಲಿ ಸೆಡಾನ್ ಮಾದರಿಯೂ ಇತ್ತು. ಹಿಂದೆ ಡಿಕ್ಕಿ ಇರುವ ಸೆಡಾನ್ ಕೂಡ ಟ್ರಕ್ ಆಗಿಹೋಯಿತು.

ಬಿರುಕು ಒಂದೇ ಆಗಿದ್ದರೆ ಮುಚ್ಚಬಹುದಿತ್ತೇನೋ. ಒಂದರ ಪಕ್ಕ ಒಂದು ಬಂದವು. 1978ರಲ್ಲಿ ಪೆಟ್ರೋಲ್ ಕುಡುಕ ಗಾಡಿಗಳ ಮೇಲೆ ವಿಶೇಷ ತೆರಿಗೆ ಹಾಕುವ ಕಾನೂನು ಬಂತು. ಈಗ ಅದು 1,000ದಿಂದ 7,700 ಡಾಲರ್ ತನಕ ಇದೆ. ಅದು ಕಾರಿಗೆ ಮಾತ್ರ. ಎಸ್‌ಯುವಿ, ಪಿಕಪ್, ಮಿನಿವ್ಯಾನ್‌ಗೆ ಇಲ್ಲ. ಅಂದರೆ ಅತಿ ಹೆಚ್ಚು ಪೆಟ್ರೋಲ್ ಕುಡಿಯುವ ಮನೆಬಳಕೆಯ ಗಾಡಿಗೇ ಆ ತೆರಿಗೆ ಇಲ್ಲ! ಇನ್ನೊಂದು, ವ್ಯಾಪಾರಕ್ಕೆ ಕೊಂಡ ಭಾರಿ ಗಾಡಿಗಳಿಗೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತ. ತೂಕ 6,000 ಪೌಂಡ್ (ಸುಮಾರು 2,700 ಕಿಲೋ) ದಾಟಬೇಕು ಎನ್ನುವುದು ಷರತ್ತು. 2003ರಲ್ಲಿ ಈ ಕಡಿತದ ಮಿತಿ 1 ಲಕ್ಷ ಡಾಲರ್‌ಗೆ ಏರಿತು. ಡಾಕ್ಟರು, ವಕೀಲರು, ರಿಯಲ್ ಎಸ್ಟೇಟ್ ಏಜೆಂಟರು ದೊಡ್ಡ ಎಸ್‌ಯುವಿ ಕೊಂಡು ಪೂರ್ತಿ ಬೆಲೆಯನ್ನೇ ಖರ್ಚು ತೋರಿಸಬಹುದಿತ್ತು. ಜನ ರೊಚ್ಚಿಗೆದ್ದ ಮೇಲೆ ಮರುವರ್ಷ ಎಸ್‌ಯುವಿಗೆ ಆ ಮಿತಿಯನ್ನು 25,000ಕ್ಕೆ ಇಳಿಸಿದರು. ಸಣ್ಣ ಕಾರು ಕೊಂಡ ಅದೇ ವ್ಯಾಪಾರಿಗೆ ಅಷ್ಟು ಅನುಕೂಲ ಇರಲಿಲ್ಲ. ಇನ್ನು ಹಮ್ಮರ್ ಎಚ್2, ಫೋರ್ಡ್ ಎಕ್ಸ್‌ಕರ್ಷನ್ ತರಹದ ಗಾಡಿಗಳು ಎಷ್ಟು ಭಾರ ಎಂದರೆ, ಆಗಿನ ಮೈಲೇಜ್ ನಿಯಮದ ಲೆಕ್ಕಕ್ಕೇ ಬರುತ್ತಿರಲಿಲ್ಲ. ಶೋರೂಮಿನಲ್ಲಿ ಅವುಗಳ ಮೈಲೇಜ್ ಬರೆದು ಅಂಟಿಸುವ ಅಗತ್ಯವೂ ಇರಲಿಲ್ಲ.

ಇದಕ್ಕೆಲ್ಲ ಹಿನ್ನೆಲೆಯಲ್ಲಿ ಒಂದು ಕೋಳಿಯ ಜಗಳವೂ ಇದೆ. 1960ರ ದಶಕದ ಆರಂಭದಲ್ಲಿ ಯುರೋಪಿನವರು ಅಮೆರಿಕದ ಕೋಳಿ ಮಾಂಸದ ಮೇಲೆ ಸುಂಕ ಏರಿಸಿದರು. ಉತ್ತರವಾಗಿ ಅಮೆರಿಕ 1964ರಿಂದ ಹೊರದೇಶದ ಲೈಟ್ ಟ್ರಕ್ಕುಗಳ ಮೇಲೆ 25% ಸುಂಕ ಹಾಕಿತು. ಕೋಳಿ ಜಗಳವನ್ನು ಜನ ಮರೆತರೂ ಸುಂಕ ಉಳಿಯಿತು. ಕಾರಿನ ಮೇಲೆ ಮಾತ್ರ ಬಹುಕಾಲ 2.5% ಅಷ್ಟೇ. ಹಾಗಾಗಿ ಸಣ್ಣ ಕಾರಿನಲ್ಲಿ ಟೊಯೋಟಾ, ಹೋಂಡಾ ಜೊತೆ ಗುದ್ದಾಡಬೇಕಿದ್ದ, ಅಮೆರಿಕದ ಕಾರು ತಯಾರಿಕೆಯ ಊರಾದ ಡೆಟ್ರಾಯಿಟ್ಟಿನ ಕಂಪನಿಗಳಿಗೆ ಪಿಕಪ್ಪಿನಲ್ಲಿ ಪೈಪೋಟಿಯೇ ಕಡಿಮೆ. ಲಾಭ ಎಲ್ಲಿದೆಯೋ ಜಾಹೀರಾತು ಅಲ್ಲಿಗೆ ಹೋಗುತ್ತದೆ. ಫೋರ್ಡ್ ಎಫ್-ಸರಣಿ 1977ರಿಂದ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಕಪ್ ಆಗಿ ನಿಂತಿರುವುದರಲ್ಲಿ ಗಾಡಿಯ ಗುಣ ಖಂಡಿತ ಇದೆ. ಈ ನಿಯಮಗಳ ನೆರಳೂ ಇದೆ.

‘ಜನರಿಗೆ ದೊಡ್ಡ ಗಾಡಿ ಇಷ್ಟ, ಅದಕ್ಕೆ ಕೊಳ್ಳುತ್ತಾರೆ’ ಎಂದು ಸುಮ್ನೆ ಹೇಳಿಬಿಡುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಇಷ್ಟ ಇರಬಹುದು. ಎತ್ತರದಲ್ಲಿ ಕೂತರೆ ರಸ್ತೆ ಚೆನ್ನಾಗಿ ಕಾಣುತ್ತದೆ, ಹಿಮ ಬಿದ್ದಾಗ ನಾಲ್ಕು ಚಕ್ರದ ಹಿಡಿತ ಬೇಕಾಗುತ್ತದೆ, ಮೂರು ಮಕ್ಕಳ ಸೀಟು ಹಿಡಿಸಬೇಕು. ಇವೆಲ್ಲ ನ್ಯಾಯವಾದ ಕಾರಣಗಳೇ. ಆದರೆ ಒಂದು ತಕ್ಕಡಿಯಲ್ಲಿ ಒಂದು ಬದಿಗೆ ಸರ್ಕಾರವೇ ಇಷ್ಟು ಕಲ್ಲು ಇಟ್ಟಿರುವಾಗ ಅದನ್ನು ಬರೀ ಜನರ ಆಯ್ಕೆ ಎನ್ನಲಾಗದು. ಟ್ರಕ್ಕಿನ ಮೈಲೇಜ್ ಮಿತಿ 1996ರಿಂದ 2004ರ ತನಕ 20.7 ಮೈಲಿಯಲ್ಲೇ ನಿಂತಿತ್ತು. ಆ ವರ್ಷಗಳಲ್ಲಿ ಬಹುಪಾಲು, ಮಿತಿ ಏರಿಸುವ ಕೆಲಸಕ್ಕೆ ಹಣ ಬಳಸಬಾರದು ಎಂದು ಕಾಂಗ್ರೆಸ್ಸೇ ತಡೆ ಹಾಕಿತ್ತು. ಪರಿಣಾಮವಾಗಿ 2004ರಲ್ಲಿ ಹೊಸ ಗಾಡಿಗಳ ಸರಾಸರಿ ಮೈಲೇಜ್ 19.3ಕ್ಕೆ ಬಂತು. 1987ಕ್ಕಿಂತ ಕಡಿಮೆ! ಹದಿನೇಳು ವರ್ಷ ಎಂಜಿನಿಯರುಗಳು ಸುಮ್ಮನೆ ಕೂತಿರಲಿಲ್ಲ. ಎಂಜಿನ್ ಸುಧಾರಿಸುತ್ತಲೇ ಇತ್ತು. ಆ ಸುಧಾರಣೆಯೆಲ್ಲ ತೂಕಕ್ಕೆ, ವೇಗಕ್ಕೆ ಹೋಯಿತು.

2007ರಲ್ಲಿ ಕಾನೂನು ಬಿಗಿಯಾಯಿತು. ಆದರೆ ಹೊಸ ಪದ್ಧತಿಯಲ್ಲಿ ಚಕ್ರಗಳ ನಡುವಿನ ಜಾಗ ದೊಡ್ಡದಾದಷ್ಟೂ ಗಾಡಿಗೆ ಸುಲಭದ ಗುರಿ. ದೊಡ್ಡ ಗಾಡಿ ಮಾಡುವ ಕಂಪನಿಗೆ ಕಷ್ಟವಾಗಬಾರದು, ಎಲ್ಲ ಅಳತೆಯ ಗಾಡಿಯೂ ಸುಧಾರಿಸಬೇಕು ಎನ್ನುವುದು ಅದರ ಉದ್ದೇಶ. ಗಾಡಿಯನ್ನು ಸ್ವಲ್ಪ ದೊಡ್ಡದು ಮಾಡಿಬಿಟ್ಟರೆ ಗುರಿ ಸಲೀಸು ಎನ್ನುವುದು ಅದರ ಅಡ್ಡ ಪರಿಣಾಮ. ಇವತ್ತು ಮೈಲೇಜ್ ಸರಾಸರಿ ದಾಖಲೆ ಮಟ್ಟದಲ್ಲಿದೆ ನಿಜ. 2023ರ ಮಾದರಿಗಳಲ್ಲಿ 27.1 ಮೈಲಿ. ಆದರೆ ಸೆಡಾನ್ ಮತ್ತು ವ್ಯಾಗನ್ನುಗಳ ಪಾಲು 1975ರಲ್ಲಿ ಹತ್ತಕ್ಕೆ ಎಂಟು ಇದ್ದದ್ದು ಈಗ ಸುಮಾರು ನಾಲ್ಕಕ್ಕೆ ಒಂದು. 1980ರ ದಶಕದ ಮಧ್ಯಕ್ಕೆ ಹೋಲಿಸಿದರೆ ಸರಾಸರಿ ಗಾಡಿ 1,000 ಪೌಂಡಿಗಿಂತ ಜಾಸ್ತಿ ಭಾರವಾಗಿದೆ. ಹಾರ್ಸ್‌ಪವರ್ ಎರಡು ಪಟ್ಟು ದಾಟಿದೆ.

ಅಗ್ಗದ ವರ್ಷ, ದುಬಾರಿ ವರ್ಷ

ಜನರ ನೆನಪು ಈ ವಿಷಯದಲ್ಲಿ ಬಹಳ ಚಿಕ್ಕದು. 2008ರ ಜುಲೈಯಲ್ಲಿ ಕಚ್ಚಾ ತೈಲ 147 ಡಾಲರ್, ಪೆಟ್ರೋಲ್ 4.11 ಡಾಲರ್. ದೊಡ್ಡ ಎಸ್‌ಯುವಿಗಳನ್ನು ಕೇಳುವವರಿಲ್ಲ. ಕಡಿಮೆ ಪೆಟ್ರೋಲ್ ಕುಡಿಯುವ ಟೊಯೋಟಾ ಪ್ರಿಯಸ್ ಕಾರಿಗೆ ಕಾಯುವ ಪಟ್ಟಿ. 2010ರಲ್ಲಿ ಜನರಲ್ ಮೋಟರ್ಸ್ ಹಮ್ಮರ್ ಮಾಡುವುದನ್ನೇ ನಿಲ್ಲಿಸಿತು. ಎಲ್ಲರೂ ಪಾಠ ಕಲಿತರು ಎಂದು ಅನ್ನಿಸಿತು. 2014ರ ಮಧ್ಯದಲ್ಲಿ 100 ಡಾಲರ್ ಮೇಲಿದ್ದ ಬ್ಯಾರೆಲ್ 2016ರ ಆರಂಭದಲ್ಲಿ 30ರ ಕೆಳಗೆ ಬಂತು. ಎಸ್‌ಯುವಿ ಮಾರಾಟ ಮತ್ತೆ ಏರಿತು. 2018ರಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ ಸೆಡಾನ್ ಮಾರುವುದನ್ನೇ ನಿಲ್ಲಿಸುವುದಾಗಿ ಹೇಳಿತು. ನಾಲ್ಕೇ ವರ್ಷಕ್ಕೆ 5 ಡಾಲರ್ ಪೆಟ್ರೋಲ್ ಬಂತು.

ಅಗ್ಗದ ಪೆಟ್ರೋಲ್ ದೊಡ್ಡ ಗಾಡಿಯನ್ನು ಮಾರುತ್ತದೆ. ದೊಡ್ಡ ಗಾಡಿಗಳು ಬಳಕೆಯನ್ನು ಏರಿಸುತ್ತವೆ. ಬಳಕೆ ಏರಿ ತೈಲ ಬಿಗಿಯಾದಾಗ ಎಲ್ಲೋ ಒಂದು ಯುದ್ಧ, ಒಂದು ಚಂಡಮಾರುತ ಸಾಕು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಮೊದಲ ಸಲ ಬೆಲೆ 3 ಡಾಲರ್ ಮುಟ್ಟಿದ್ದು ಹೀಗೆಯೇ.

ಈಗ ಆ 10 ಲಕ್ಷ ಬ್ಯಾರೆಲ್ ಲೆಕ್ಕಕ್ಕೆ ಬನ್ನಿ. ಅಮೆರಿಕ ದಿನಕ್ಕೆ ಸುಮಾರು 90 ಲಕ್ಷ ಬ್ಯಾರೆಲ್ ಪೆಟ್ರೋಲ್ ಸುಡುತ್ತದೆ. ಜಗತ್ತು ಬಳಸುವ ಒಟ್ಟು ತೈಲದ ಹನ್ನೊಂದರಲ್ಲಿ ಒಂದು ಪಾಲು ಇದು. ರಸ್ತೆಯಲ್ಲಿರುವ ಗಾಡಿಗಳ ಮೈಲೇಜ್ 27ರಿಂದ 30 ಆದಂತೆ, ಅಂದರೆ ಒಂಬತ್ತಕ್ಕೆ ಒಂದರಂತೆ, ಸುಧಾರಿಸಿದರೆ ಬಳಕೆ 10% ಇಳಿಯುತ್ತದೆ. ದಿನಕ್ಕೆ 9 ಲಕ್ಷ ಬ್ಯಾರೆಲ್. 2022ರಲ್ಲಿ ಗುಹೆಗಳಿಂದ ತೆಗೆದು ಆರು ತಿಂಗಳು ಕೊಟ್ಟ ತೈಲಕ್ಕೆ ಇದು ಹೆಚ್ಚುಕಡಿಮೆ ಸಮ. ಇಲ್ಲಿ ಗುಹೆ ಖಾಲಿಯಾಗುವುದಿಲ್ಲ. ಪ್ರತಿ ದಿನ, ಪ್ರತಿ ವರ್ಷ ಅಷ್ಟು ಉಳಿಯುತ್ತದೆ.

ಇದಕ್ಕೆ ಎರಡು ಆಕ್ಷೇಪಣೆ ಇವೆ, ಎರಡೂ ಸರಿಯಾದವೇ. ಬಳಕೆ ಇಳಿದರೆ, ತೈಲ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನ ದೇಶಗಳು ಉತ್ಪಾದನೆ ತಗ್ಗಿಸಿ ಬೆಲೆ ಹಿಡಿಯಲು ನೋಡುತ್ತವೆ. ಮೈಲೇಜ್ ಚೆನ್ನಾಗಿದ್ದರೆ ಜನ ಇನ್ನೊಂದಿಷ್ಟು ಜಾಸ್ತಿ ಓಡಿಸುತ್ತಾರೆ. ಹಾಗಾಗಿ ಲಾಭದ ಒಂದು ಭಾಗ ಸೋರಿಹೋಗುತ್ತದೆ. ಆದರೆ ಬೆಲೆ ಒಂದು ಸೆಂಟ್ ಇಳಿಯದಿದ್ದರೂ, ಕಡಿಮೆ ಪೆಟ್ರೋಲ್ ಕೊಳ್ಳುವ ಮನೆಯ ಖರ್ಚು ಇಳಿದೇ ಇಳಿಯುತ್ತದೆ.

ಇಲ್ಲೊಂದು ಮಾತು. ಸುಧಾರಣೆ ಎಲ್ಲಿ ಆಗಬೇಕು ಎನ್ನುವುದರಲ್ಲಿ ನಮ್ಮ ಮನಸ್ಸು ತಪ್ಪು ಲೆಕ್ಕ ಹಾಕುತ್ತದೆ. 12 ಮೈಲಿಯ ಗಾಡಿ 15 ಆಗುವುದು, 30 ಮೈಲಿಯ ಕಾರು 40 ಆಗುವುದು, ಇವೆರಡರಲ್ಲಿ ಯಾವುದು ದೊಡ್ಡದು? 40 ಎಂದೇ ಅನ್ನಿಸುತ್ತದೆ. 12,000 ಮೈಲಿಗೆ ಲೆಕ್ಕ ಹಾಕಿ. ಮೊದಲನೆಯದು 1,000 ಗ್ಯಾಲನ್ನಿನಿಂದ 800ಕ್ಕೆ ಇಳಿಯುತ್ತದೆ. ಎರಡನೆಯದು 400ರಿಂದ 300ಕ್ಕೆ. ದೊಡ್ಡ ಗಾಡಿಯಲ್ಲಿ ಮೂರೇ ಮೈಲಿಯ ಸುಧಾರಣೆ ಎರಡು ಪಟ್ಟು ಉಳಿಸುತ್ತದೆ. ಆದ್ದರಿಂದ ಎಲ್ಲರೂ ಪಿಕಪ್ ಬಿಡಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ಪಿಕಪ್ಪೇ ಸುಧಾರಿಸಲಿ. ದಶಕಗಳ ಕಾಲ ನಿಯಮ ಸಡಿಲ ಬಿಟ್ಟದ್ದು ನಿಖರವಾಗಿ ಅದನ್ನೇ.

ಏರದ ತೆರಿಗೆ

ಕೇಂದ್ರ ತೆರಿಗೆ 18.4 ಸೆಂಟ್ ಆದದ್ದು 1993ರಲ್ಲಿ. ಸೆನೆಟ್‌ನಲ್ಲಿ ಮತ ಸಮವಾಗಿ, ಉಪಾಧ್ಯಕ್ಷ ಅಲ್ ಗೋರ್ ತಮ್ಮ ಮತ ಹಾಕಿ ಆ ಮಸೂದೆ ಗೆಲ್ಲಿಸಬೇಕಾಯಿತು. ಅಂದಿನಿಂದ ಒಂದು ಸೆಂಟೂ ಏರಿಲ್ಲ. ಹಣದುಬ್ಬರದಲ್ಲಿ ಅದರ ಅರ್ಧಕ್ಕಿಂತ ಹೆಚ್ಚು ಬೆಲೆ ಕರಗಿಹೋಗಿದೆ. ಈ ತೆರಿಗೆ ಹೋಗಿ ಸೇರುವ ಹೆದ್ದಾರಿ ನಿಧಿಗೆ 2008ರಿಂದ ಬೇರೆ ಖಾತೆಯ ಹಣ ತುಂಬಿಸುತ್ತಿದ್ದಾರೆ.

ಬ್ರಿಟನ್ನಿನಲ್ಲಿ 2022ರ ಮಾರ್ಚಿನಲ್ಲಿ ಇಳಿಸಿದ ಮೇಲೂ ಇಂಧನ ಸುಂಕ ಲೀಟರಿಗೆ 52.95 ಪೆನ್ಸ್ ಇತ್ತು. ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ 2 ಪೌಂಡ್. ಅದರ ಮೇಲೆ 20% ವ್ಯಾಟ್ ಬೇರೆ. ಅಲ್ಲಿ ಪೆಟ್ರೋಲ್ ಯಾವತ್ತೂ ದುಬಾರಿ, ಅದಕ್ಕೇ ಕಾರು ಸಣ್ಣದು. ತೈಲ ಮಾರಿ ಶ್ರೀಮಂತವಾದ ನಾರ್ವೆ ಕೂಡ ತನ್ನ ಜನರಿಗೆ ಪೆಟ್ರೋಲ್ ಅಗ್ಗ ಮಾಡಲಿಲ್ಲ. ಪೆಟ್ರೋಲ್ ಕಾರಿಗೆ ಭಾರಿ ತೆರಿಗೆ, ವಿದ್ಯುತ್ ಕಾರಿಗೆ ವಿನಾಯಿತಿ ಎಂದು ವರ್ಷಗಟ್ಟಲೆ ಬಿಡದೆ ಮಾಡಿತು. 2024ರಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಸುಮಾರು ಒಂಬತ್ತು ವಿದ್ಯುತ್ ಕಾರುಗಳು.

ಅಮೆರಿಕದಲ್ಲಿ ಇದನ್ನು ಹಾಗೇ ತಂದು ಹಾಕಬೇಕು ಎಂದು ನಾನು ಹೇಳುವುದಿಲ್ಲ. ದಿನಾ 40 ಮೈಲಿ ಹೋಗಿ ಗಂಟೆ ಲೆಕ್ಕದ ಕೂಲಿ ಮಾಡುವವರಿಗೆ 2 ಡಾಲರ್ ತೆರಿಗೆ ಹಾಕಿದರೆ ಅದು ಶಿಕ್ಷೆಯಾಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಾಡುವುದು ಅವರೇ.

ಯಾಕೆಂದರೆ ಅವರು ತಮ್ಮ ಕಾರನ್ನು ಆರಿಸಿಯೇ ಇಲ್ಲ. ಅಮೆರಿಕದಲ್ಲಿ ಹೊಸ ಕಾರಿಗಿಂತ ಹಳೆಯ ಕಾರುಗಳ ಮಾರಾಟ ಎರಡು ಪಟ್ಟಿಗೂ ಜಾಸ್ತಿ. ರಸ್ತೆಯಲ್ಲಿರುವ ಗಾಡಿಯ ಸರಾಸರಿ ವಯಸ್ಸು ಹನ್ನೆರಡು ವರ್ಷ ದಾಟಿದೆ. ಹೊಸ ಗಾಡಿ ಕೊಳ್ಳುವವರು ಹೆಚ್ಚಾಗಿ ಅನುಕೂಲಸ್ಥರು. ಪೆಟ್ರೋಲ್ ಬೆಲೆ ಅವರಿಗೆ ಅಷ್ಟು ತಟ್ಟುವುದಿಲ್ಲ. ಅವರು ಕೆಲವು ವರ್ಷ ಓಡಿಸಿ ಮಾರುತ್ತಾರೆ. ಎರಡನೆಯವರು, ಮೂರನೆಯವರು ಮಾರುಕಟ್ಟೆಯಲ್ಲಿ ಏನಿದೆಯೋ ಅದನ್ನೇ ಕೊಳ್ಳಬೇಕು. ಮಾರುಕಟ್ಟೆ ತುಂಬ ದೊಡ್ಡ ಎಸ್‌ಯುವಿ ಇದ್ದರೆ ಅವರ ಪಾಲಿಗೂ ಅದೇ. ಪೆಟ್ರೋಲ್ ಏರಿದಾಗ ದೊಡ್ಡ ಹಳೆಯ ಗಾಡಿಗಳ ಬೆಲೆ ಬೀಳುತ್ತದೆ, ಸಣ್ಣ ಹಳೆಯ ಕಾರುಗಳ ಬೆಲೆ ಏರುತ್ತದೆ. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಸಿಗುವುದು ಕೊಳ್ಳಲು ಅಗ್ಗ, ಓಡಿಸಲು ದುಬಾರಿ ಆದ ಗಾಡಿ.

2009ರಲ್ಲಿ ಸರ್ಕಾರ ಹಳೆಯ ಗಾಡಿ ಕೊಟ್ಟವರಿಗೆ 3,500 ಅಥವಾ 4,500 ಡಾಲರ್ ರಿಯಾಯಿತಿ ಕೊಟ್ಟು, ಸುಮಾರು 6.8 ಲಕ್ಷ ಗಾಡಿಗಳನ್ನು ಗುಜರಿಗೆ ಹಾಕಿಸಿತು. ರಿಯಾಯಿತಿ ಸಿಕ್ಕಿದ್ದು ಹೊಸದು ಕೊಳ್ಳಲು ಶಕ್ತಿ ಇದ್ದವರಿಗೆ. ಹಳೆಯದನ್ನೇ ಹುಡುಕುವವರಿಗೆ ಏನೂ ಸಿಗಲಿಲ್ಲ.

ಹಾಗಾಗಿ ಹೊಸ ಗಾಡಿಗಳ ಮೈಲೇಜ್ ನಿಯಮ ಬರೀ ಹೊಸ ಗಾಡಿ ಕೊಳ್ಳುವವರ ವಿಷಯ ಅಲ್ಲ. ಅದು ಹತ್ತು ವರ್ಷದ ನಂತರ ಆ ಗಾಡಿ ಕೊಳ್ಳುವವರ ಪರವಾಗಿ ಇವತ್ತು ಮಾತಾಡುವ ಒಂದೇ ದನಿ. 2025ರ ಜುಲೈ 4ರಂದು ಸಹಿಯಾದ ಕಾನೂನು, ಮೈಲೇಜ್ ನಿಯಮ ಮುರಿದ ಕಂಪನಿಗಳ ಮೇಲಿನ ದಂಡವನ್ನು ಸೊನ್ನೆಗೆ ಇಳಿಸಿತು. ನಿಯಮ ಪುಸ್ತಕದಲ್ಲಿ ಉಳಿಯಿತು, ದಂಡ ಹೋಯಿತು. ವಿದ್ಯುತ್ ಕಾರಿಗಿದ್ದ 7,500 ಡಾಲರ್ ತೆರಿಗೆ ಅನುಕೂಲವೂ ಆ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಹೊಸ ಗಾಡಿಯ ಬೆಲೆ ಇದರಿಂದ ಒಂದಿಷ್ಟು ಇಳಿಯಬಹುದು ಎಂದು ಬೆಂಬಲಿಸುವವರು ಹೇಳುತ್ತಾರೆ. ಇಳಿದರೆ ಆ ಲಾಭ ಮೊದಲ ಮಾಲೀಕರಿಗೆ. ಪೆಟ್ರೋಲಿನ ಬಿಲ್ಲು ಮುಂದಿನವರಿಗೆ.

ಒಳ್ಳೆಯ ಸುದ್ದಿಯೂ ಇದೆ. 2025ರ ಮಾದರಿಯಿಂದ ಟೊಯೋಟಾ ತನ್ನ ಕ್ಯಾಮ್ರಿಯನ್ನು ಹೈಬ್ರಿಡ್ ರೂಪದಲ್ಲಿ, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರ್ ಸೇರಿಸಿ, ಮಾತ್ರ ಮಾರುತ್ತಿದೆ. ಹಿಂದಿನ ನಾಲ್ಕು ಸಿಲಿಂಡರ್ ಕ್ಯಾಮ್ರಿಯ ಮೈಲೇಜ್ 32 ಇತ್ತು. ಈಗ ಅದರ ಮೂಲ ಮಾದರಿ 51 ಮೈಲಿ ಕೊಡುತ್ತದೆ. ಇದೇ ಕಾರು 2030ರ ದಶಕದಲ್ಲಿ ಹಳೆಯ ಕಾರುಗಳ ಅಂಗಡಿಗೆ ಬರುತ್ತದೆ.

ಅಮೆರಿಕದಲ್ಲಿ ಹೊಸ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಿರುತ್ತಾರೆ. ವರ್ಷಕ್ಕೆ 15,000 ಮೈಲಿ ಓಡಿಸಿದರೆ ಇಂಧನಕ್ಕೆ ಎಷ್ಟಾಗುತ್ತದೆ, ಸರಾಸರಿ ಹೊಸ ಗಾಡಿಗೆ ಹೋಲಿಸಿದರೆ ಐದು ವರ್ಷದಲ್ಲಿ ಎಷ್ಟು ಉಳಿಯುತ್ತದೆ ಅಥವಾ ಎಷ್ಟು ಜಾಸ್ತಿ ಖರ್ಚಾಗುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಹಳೆಯ ಗಾಡಿಗೆ ಆ ಚೀಟಿ ಕಡ್ಡಾಯ ಇಲ್ಲ. ‘ಫ್ಯುಯೆಲ್ ಎಕಾನಮಿ ಡಾಟ್ ಗವ್’ ಎಂಬ ಸರ್ಕಾರಿ ತಾಣದಲ್ಲಿ 1984ರಿಂದ ಈಚಿನ ಮಾದರಿಗಳ ಮೈಲೇಜ್ ಸಿಗುತ್ತದೆ, ಬೇಕಾದವರು ಹಳೆಯ ಗಾಡಿಗೂ ಚೀಟಿ ತಯಾರಿಸಿಕೊಳ್ಳಬಹುದು. ಹಳೆಯ ಗಾಡಿ ಮಾರುವ ಪ್ರತಿಯೊಬ್ಬ ಡೀಲರ್ ಅದನ್ನು ಗಾಜಿಗೆ ಅಂಟಿಸಲೇಬೇಕು ಎಂದು ನಿಯಮ ಮಾಡಲು ಸರ್ಕಾರಕ್ಕೆ ಹೆಚ್ಚು ಖರ್ಚೇನೂ ಆಗದು. ಅಷ್ಟಾದರೂ ಆಗಲಿ ಎಂದು ನನ್ನ ಆಸೆ.